ಪ್ರಬಂಧದಲ್ಲಿ ಬಹುಮಾನ, ಬರ್ತ್‌ಡೇಯಲ್ಲಿ ಬಿಯರ್

ಜೂನ್ 26 ಹತ್ತಿರ ಬಂದರೆ ಶಾಲೆ, ಕಾಲೇಜುಗಳಲ್ಲಿ ಜಾಥಾ, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ ಎಲ್ಲ ಸಾಲಾಗಿ ಶುರುವಾಗುತ್ತವೆ. ಆ ದಿನವನ್ನು ಮಾದಕವಸ್ತು ವಿರೋಧಿ ದಿನವೆಂದು ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿತು. ಹತ್ತನೇ ತರಗತಿಯ ಯಾವ ಹುಡುಗನ ಪ್ರಬಂಧ ತೆರೆದು ನೋಡಿದರೂ ಯಕೃತ್ತು ಕೆಡುವುದರಿಂದ ಹಿಡಿದು ಸಂಸಾರ ಕೆಡುವುದರವರೆಗೆ ಏನೂ ಬಿಟ್ಟುಹೋಗಿರುವುದಿಲ್ಲ. ಹೆತ್ತವರಿಗೆ ಗೊತ್ತಿಲ್ಲದ ಗುಳಿಗೆಗಳ ಹೆಸರು ಕೂಡ ಅಲ್ಲಿರುತ್ತದೆ.

ಅದೇ ಹುಡುಗ ಎರಡು ವರ್ಷ ಕಳೆದ ಮೇಲೆ, ಪಿಯುಸಿ ಗೆಳೆಯನ ಬರ್ತ್‌ಡೇ ಮುಗಿಸಿಕೊಂಡು, ಬಾಯಲ್ಲಿ ಎರಡೆರಡು ಚ್ಯೂಯಿಂಗ್ ಗಮ್ ಇಟ್ಟುಕೊಂಡು ಮನೆಗೆ ಬರುತ್ತಾನೆ. ಅಮ್ಮನ ಮೂಗಿಗೆ ಮೋಸ ಮಾಡಲು ಆಗುವುದಿಲ್ಲ. "ಎಲ್ಲಾ ಗೊತ್ತಿದ್ದೂ ಯಾಕೋ ಹೀಗ್ ಮಾಡ್ದೆ?" ಎಂಬ ಪ್ರಶ್ನೆಗೆ ಅವನ ಉತ್ತರ ಒಂದೇ: "ಗೊತ್ತಿಲ್ಲಮ್ಮ."

ಕೇಳಿದವರಿಗೆ ಇದು ಉಡಾಫೆ ಎನಿಸುತ್ತದೆ. ಆದರೆ ಕಳೆದ ಎರಡು ಮೂರು ದಶಕಗಳ ಸಂಶೋಧನೆ ನೋಡಿದರೆ ಹುಡುಗ ಸುಳ್ಳು ಹೇಳುತ್ತಿಲ್ಲ. ಅಜ್ಜಿ ಒಳಗಿನಿಂದಲೇ "ಎಲ್ಲಾ ಸಹವಾಸ ದೋಷ" ಎನ್ನುತ್ತಾರೆ. ಅಜ್ಜಿಯ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಆ ದೋಷ ಇರುವ ಜಾಗ ಅವರು ತಿಳಿದಿರುವ ಜಾಗವಲ್ಲ.

ಭಯ ಹುಟ್ಟಿಸುವ ಪಾಠ

ಹದಿಹರೆಯದವರು ತಮಗೆ ಏನೂ ಆಗುವುದಿಲ್ಲ ಎಂಬ ಭ್ರಮೆಯಲ್ಲಿರುತ್ತಾರೆ ಎಂಬುದು ಹಿರಿಯರ ಹಳೆಯ ನಂಬಿಕೆ. ವ್ಯಾಲರಿ ರೇನಾ ಮತ್ತು ಫ್ರಾಂಕ್ ಫಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ಈ ಕುರಿತ ಅಧ್ಯಯನಗಳನ್ನೆಲ್ಲ ಕಲೆಹಾಕಿ 2006ರಲ್ಲಿ ಪ್ರಕಟಿಸಿದಾಗ ಕಂಡದ್ದು ಬೇರೆ. ಎಷ್ಟೋ ಅಪಾಯಗಳನ್ನು ಹುಡುಗರು ಇರುವುದಕ್ಕಿಂತ ದೊಡ್ಡದಾಗಿಯೇ ಎಣಿಸುತ್ತಾರೆ. ಎಣಿಸಿಯೂ ಕೈ ಹಾಕುತ್ತಾರೆ.

ಹಾಗಾದರೆ ಇನ್ನಷ್ಟು ಹೆದರಿಸಿದರೆ? ಅದನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿಯಾಗಿದೆ. 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಅಲ್ಲಿನ ಶಾಲೆಗಳ ಜೊತೆ ಸೇರಿ 'ಡೇರ್' ಎಂಬ ಕಾರ್ಯಕ್ರಮ ಆರಂಭಿಸಿದರು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಮಾದಕವಸ್ತುಗಳ ಪಾಠ ಹೇಳುತ್ತಿದ್ದರು. ಕೊನೆಗೆ ಮಕ್ಕಳಿಗೆ ಪ್ರಮಾಣಪತ್ರ, ಟಿ-ಶರ್ಟ್. ಕಾರ್ಯಕ್ರಮ ಅಮೆರಿಕದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. ಹೆತ್ತವರಿಗೆ ಸಮಾಧಾನ, ಪೊಲೀಸರಿಗೆ ಒಳ್ಳೆಯ ಹೆಸರು. ಆರನೇ ತರಗತಿಯಲ್ಲಿ ಆ ಪಾಠ ಕೇಳಿದ್ದ ಮತ್ತು ಕೇಳದಿದ್ದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ಇಪ್ಪತ್ತನೇ ವಯಸ್ಸಿನಲ್ಲಿ ಮತ್ತೆ ಹುಡುಕಿ ಮಾತಾಡಿಸಿದರು. 1999ರಲ್ಲಿ ಬಂದ ಫಲಿತಾಂಶ ಮುಜುಗರದ್ದು: ಸಿಗರೇಟು, ಮದ್ಯ, ಗಾಂಜಾ ಯಾವುದರ ಬಳಕೆಯಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಪಾಠ ಸುಳ್ಳಾಗಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬೆಂಚಿನ ಮೇಲೆ ಕೂತು ಕಲಿತದ್ದು ರಾತ್ರಿ ಹತ್ತು ಗಂಟೆಗೆ ಟೆರೇಸಿನ ಮೇಲೆ ಉಪಯೋಗಕ್ಕೆ ಬರಲಿಲ್ಲ, ಅಷ್ಟೆ.

ಆಟದ ಕಾರು, ನಿಜದ ಗೆಳೆಯರು

ಟೆರೇಸಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ಪ್ರಯೋಗಾಲಯಕ್ಕೆ ತಂದವರು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್. 2005ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿದ್ದದ್ದು ಒಂದು ಸಾದಾ ಕಂಪ್ಯೂಟರ್ ಆಟ. ಪರದೆಯ ಮೇಲೆ ಕಾರು ಓಡುತ್ತಿರುತ್ತದೆ, ಸಿಗ್ನಲ್ ಹಳದಿಯಾಗುತ್ತದೆ. ಮುಂದೆ ಹೋದಷ್ಟೂ ಅಂಕ. ಆದರೆ ಯಾವ ಕ್ಷಣದಲ್ಲಾದರೂ ಕೆಂಪು ದೀಪ ಬಂದು ಎದುರಿಗೆ ಗೋಡೆ ಏಳಬಹುದು. ಆಗ ಗಳಿಸಿದ್ದೆಲ್ಲ ಹೋಯಿತು. 13ರಿಂದ 16 ವಯಸ್ಸಿನವರು, 18ರಿಂದ 22ರವರು, 24 ದಾಟಿದವರು ಎಂದು ಮೂರು ಗುಂಪು. ಕೆಲವರು ಒಬ್ಬರೇ ಆಡಿದರು, ಉಳಿದವರು ತಮ್ಮ ವಯಸ್ಸಿನ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದರು.

ಒಬ್ಬರೇ ಇದ್ದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಆಡಿದರು. ಹದಿನೈದರ ಹುಡುಗನೂ ಮೂವತ್ತರ ಗಂಡಸಿನಷ್ಟೇ ಎಚ್ಚರಿಕೆ ತೋರಿಸಿದ! ಗೆಳೆಯರು ನೋಡುತ್ತಿದ್ದಾಗ ಮಾತ್ರ ಚಿಕ್ಕವರು ತೆಗೆದುಕೊಂಡ ಅಪಾಯ ಎರಡು ಪಟ್ಟಿನಷ್ಟು ಏರಿತು, ನಡುವಿನವರದ್ದು ಅರ್ಧದಷ್ಟು ಹೆಚ್ಚಿತು, ದೊಡ್ಡವರದ್ದು ಇದ್ದಂತೆಯೇ ಇತ್ತು.

2011ರಲ್ಲಿ ಅದೇ ವಿಶ್ವವಿದ್ಯಾಲಯದ ಜೇಸನ್ ಚೈನ್ ಮತ್ತು ಸಂಗಡಿಗರು ಇಂಥದ್ದೇ ಆಟವನ್ನು ಮೆದುಳಿನ ಸ್ಕ್ಯಾನರ್ ಒಳಗೆ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಲ್ಲಿ ಕೂತು ಪರದೆಯಲ್ಲಿ ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆ ಎಂಬ ಅರಿವಿನಿಂದಲೇ ಹುಡುಗರ ಮೆದುಳಿನ ಆಳದ ಒಂದು ಭಾಗ ಚುರುಕಾಯಿತು. ರುಚಿ, ಗೆಲುವು, ಹೊಗಳಿಕೆ ಇವೆಲ್ಲ ಸಿಗಲಿವೆ ಎಂಬ ನಿರೀಕ್ಷೆಗೆ ಮಿಡಿಯುವ ಆ ಭಾಗಕ್ಕೆ ವಿಜ್ಞಾನಿಗಳು ವೆಂಟ್ರಲ್ ಸ್ಟ್ರಯಾಟಮ್ ಎನ್ನುತ್ತಾರೆ. ಇಲ್ಲಿ ಅದನ್ನು ಹಂಬಲದ ಕೇಂದ್ರ ಎಂದು ಕರೆಯೋಣ. ದೊಡ್ಡವರ ಮೆದುಳಿನಲ್ಲಿ ಗೆಳೆಯರ ನೋಟದಿಂದ ಅಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಇದೆಲ್ಲ ಮರ್ಯಾದೆಯ ಪ್ರಶ್ನೆ, ಗೆಳೆಯರು ಛೇಡಿಸಿರುತ್ತಾರೆ ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಇಲಿಗಳು ಉತ್ತರ ಕೊಟ್ಟಿವೆ. 2014ರಲ್ಲಿ ಇದೇ ತಂಡ ಹರೆಯದ ಚಿಟ್ಟಿಲಿಗಳ ಮುಂದೆ ಮದ್ಯ ಬೆರೆಸಿದ ನೀರು ಇಟ್ಟಿತು. ಒಂಟಿಯಾಗಿದ್ದಾಗಿನದಕ್ಕಿಂತ ಓರಗೆಯ ಇಲಿಗಳ ನಡುವೆ ಇದ್ದಾಗ ಅವು ಹೆಚ್ಚು ಕುಡಿದವು. ದೊಡ್ಡ ಇಲಿಗಳಲ್ಲಿ ಆ ವ್ಯತ್ಯಾಸವಿರಲಿಲ್ಲ. "ಒಂದ್ ಪೆಗ್ ಹಾಕೋಕ್ ಆಗಲ್ವಾ, ನೀನೂ ಒಬ್ಬ ಗಂಡಸಾ?" ಎಂದು ಇಲಿಯನ್ನು ಯಾವ ಇಲಿಯೂ ಮೂದಲಿಸಿರಲಾರದು.

ಅಂದರೆ ಕೆಟ್ಟ ಸಹವಾಸವೇ ಬೇಕೆಂದಿಲ್ಲ. ತರಗತಿಯ ಮೊದಲ ನಾಲ್ಕು ರ‍್ಯಾಂಕಿನ ಹುಡುಗರನ್ನೇ ಒಂದು ರಾತ್ರಿ ಖಾಲಿ ಮನೆಯಲ್ಲಿ ಬಿಟ್ಟರೂ ಒಬ್ಬೊಬ್ಬರೂ ಒಂಟಿಯಾಗಿ ಮಾಡದ್ದನ್ನು ನಾಲ್ವರೂ ಕೂಡಿ ಮಾಡಬಹುದು. ನಮ್ಮ ಮಗನನ್ನು ಕೆಡಿಸಿದವನು ಅವರ ಮಗ ಎಂದು ಈ ಮನೆಯವರೂ, ಅವರ ಮಗನನ್ನು ಕೆಡಿಸಿದವನು ಇವನು ಎಂದು ಆ ಮನೆಯವರೂ ಜಗಳವಾಡುತ್ತಾರೆ. ಇಬ್ಬರದ್ದೂ ಅರ್ಧ ಸತ್ಯ.

ಎಳೆಯುವವರು, ತಡೆಯುವವರು

ಊರಿನ ತೇರು ಕಂಡವರಿಗೆ ಇದರ ಒಳಗುಟ್ಟು ತಿಳಿಯುವುದು ಸುಲಭ. ಮುಂದೆ ಹಗ್ಗ ಹಿಡಿದು ಎಳೆಯುವವರು ನೂರಾರು ಜನ. ಅವರಿಗೆ ಕಲಿಕೆ ಬೇಡ, ಹುಮ್ಮಸ್ಸು ಸಾಕು. ಕೆಳಗೆ, ಗಾಲಿಯ ಪಕ್ಕದಲ್ಲಿ, ಮರದ ತುಂಡು ಹಿಡಿದು ನಡೆಯುವವರು ಕೆಲವೇ ಮಂದಿ. ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರು ಸರಿಯಾದ ಹೊತ್ತಿಗೆ ಗಾಲಿಗೆ ಆ ತುಂಡು ಕೊಡುವುದರ ಮೇಲೆ ನಿಂತಿದೆ. ಆ ಕೈಚಳಕ ಬರಲು ಹಲವು ಜಾತ್ರೆ ಬೇಕು.

ಹಂಬಲದ ಕೇಂದ್ರ ಹಗ್ಗ ಹಿಡಿದ ಮಂದಿ. ಡೋಪಮೈನ್ ಎಂಬ ರಾಸಾಯನಿಕದ ಬಲದಿಂದ ಕೆಲಸ ಮಾಡುವ ಅದು ಮೀಸೆ ಚಿಗುರುವ ಹೊತ್ತಿಗೆ ಹಾರ್ಮೋನುಗಳ ಜೊತೆಗೇ ಭರದಿಂದ ಎಚ್ಚರಗೊಳ್ಳುತ್ತದೆ. ಮರದ ತುಂಡು ಹಿಡಿದವರು ಇರುವುದು ಹಣೆಯ ಹಿಂಬದಿಯಲ್ಲಿ, ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗದಲ್ಲಿ. ಹಣೆಮೆದುಳು ಎಂದರೆ ಸಾಕು. ಇದು ಮೆದುಳಿನಲ್ಲಿ ಎಲ್ಲಕ್ಕಿಂತ ತಡವಾಗಿ ಬಲಿಯುವ ಭಾಗಗಳಲ್ಲೊಂದು.

ಇದು ಗೊತ್ತಾದದ್ದು ಈಚೆಗೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜೇ ಗೀಡ್ ಮತ್ತು ತಂಡ 1990ರ ದಶಕದಲ್ಲಿ ಅವವೇ ಮಕ್ಕಳ ಮೆದುಳನ್ನು ಕೆಲ ವರ್ಷಗಳಿಗೊಮ್ಮೆ ಎಂಆರ್‌ಐನಲ್ಲಿ ನೋಡುತ್ತಾ ಹೋಯಿತು. 1999ರಲ್ಲಿ ಅವರು ವರದಿ ಮಾಡಿದಂತೆ, ಹಣೆಯ ಭಾಗದ ಬೂದು ವಸ್ತು ಹನ್ನೊಂದು ಹನ್ನೆರಡರ ವಯಸ್ಸಿಗೆ ತುಂಬಿಕೊಂಡು, ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಅದು ನಷ್ಟವಲ್ಲ. ಬಳಕೆಯಿಲ್ಲದ ನರಕೊಂಡಿಗಳು ಉದುರಿ, ಉಳಿದವುಗಳ ಮೇಲೆ ಕೊಬ್ಬಿನ ಹೊದಿಕೆ ಬಂದು, ಸಂದೇಶದ ಓಟ ಚುರುಕಾಗುತ್ತದೆ. ಈ ಕೆಲಸ ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ನಡೆದೇ ಇರುತ್ತದೆ.

ಸ್ಟೈನ್‌ಬರ್ಗ್ ಮತ್ತು ಸಹಸಂಶೋಧಕರು ಭಾರತವೂ ಸೇರಿದಂತೆ ಹನ್ನೊಂದು ದೇಶಗಳಲ್ಲಿ 10ರಿಂದ 30 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ರೋಮಾಂಚನದ ಹಸಿವು ಹತ್ತೊಂಬತ್ತರ ಸುಮಾರಿಗೆ ತುತ್ತತುದಿಯಲ್ಲಿತ್ತು. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ಇಪ್ಪತ್ತರ ನಡುಭಾಗದವರೆಗೂ ಮೆಲ್ಲಗೆ ಏರುತ್ತಲೇ ಇತ್ತು. ಆದರೆ ಸಾವಧಾನವಾಗಿ ಕೂತು ತರ್ಕಿಸುವ ಪರೀಕ್ಷೆಯಲ್ಲಿ ಹದಿನಾರರವರು ದೊಡ್ಡವರಿಗೆ ಸರಿಸಾಟಿ. ಪ್ರಬಂಧದಲ್ಲಿ ಬಹುಮಾನ ಬರುವುದು ಹೀಗೆ. ಗೆಳೆಯರು ಬಂದಾಗ ಹಗ್ಗಕ್ಕೆ ಇನ್ನೂ ನೂರು ಜನ ಸೇರುತ್ತಾರೆ, ಗಾಲಿಯ ಬಳಿ ಇರುವವರು ಅಷ್ಟೇ ಜನ.

ನಿದ್ದೆ ಬಾರದ ಅಮಲು

ಎಳೆಯ ಮೈ ಮದ್ಯವನ್ನು ತೆಗೆದುಕೊಳ್ಳುವ ರೀತಿಯೂ ಬೇರೆ. ಹರೆಯದ ಇಲಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಲಿಂಡಾ ಸ್ಪಿಯರ್ ಗಮನಿಸಿದ್ದು ಇದನ್ನು: ದೊಡ್ಡ ಇಲಿಯನ್ನು ತೂಕಡಿಸುವ, ತತ್ತರಿಸುವ ಸ್ಥಿತಿಗೆ ತರುವ ಪ್ರಮಾಣಕ್ಕೆ ಹರೆಯದ ಇಲಿ ಅಷ್ಟಾಗಿ ಬಗ್ಗುವುದಿಲ್ಲ. ಸಾಕು ನಿಲ್ಲಿಸು ಎಂದು ಮೈ ಹೇಳುವ ಸೂಚನೆ ತಡವಾಗಿ ಬರುತ್ತದೆ. "ನಂಗೆ ಎಷ್ಟು ಕುಡಿದ್ರೂ ಏನೂ ಆಗಲ್ಲ" ಎಂದು ಹದಿನೇಳರ ಹುಡುಗ ಜಂಬ ಪಡುವುದರಲ್ಲಿ ಈ ಅಂಶವೂ ಇದ್ದೀತು. ಆಗಬೇಕಾದ್ದು ಒಳಗೆ ಆಗುತ್ತಲೇ ಇರುತ್ತದೆ, ತೂಕಡಿಕೆಯೊಂದು ಬರುವುದಿಲ್ಲ.

ಇನ್ನು ಬೇಗ ಆರಂಭಿಸುವುದರ ಲೆಕ್ಕ. ಅಮೆರಿಕದ ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್ 1997ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ, ಹದಿನೈದಕ್ಕೂ ಮೊದಲೇ ಕುಡಿಯಲಾರಂಭಿಸಿದವರಲ್ಲಿ ಸುಮಾರು 40 ಶೇಕಡಾ ಜನ ಮುಂದೆ ಎಂದಾದರೂ ಮದ್ಯದ ದಾಸರಾಗಿದ್ದರು. ಇಪ್ಪತ್ತರ ನಂತರ ಆರಂಭಿಸಿದವರಲ್ಲಿ ಅದು ಸುಮಾರು 10 ಶೇಕಡಾ. ಈ ನಾಲ್ಕು ಪಟ್ಟು ವ್ಯತ್ಯಾಸಕ್ಕೆ ವಯಸ್ಸೊಂದೇ ಕಾರಣ ಎನ್ನುವುದು ಆತುರವಾದೀತು. ಮದ್ಯವ್ಯಸನದ ಒಲವಿನಲ್ಲಿ ಸರಿಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ತಂದೆಗೆ ಚಟವಿದ್ದ ಮನೆಯ, ಮೊದಲೇ ದುಡುಕು ಸ್ವಭಾವದ ಹುಡುಗನೇ ಬೇಗ ಬಾಟಲಿಗೆ ಕೈ ಹಾಕುವ ಸಂಭವವೂ ಹೆಚ್ಚು. ಆದರೂ ಹೆತ್ತವರು ಬದಲಿಸಬಹುದಾದದ್ದು ವಯಸ್ಸನ್ನು, ವಂಶವನ್ನಲ್ಲ.

ಆ ವಯಸ್ಸು ಕೆಳಗಿಳಿಯುತ್ತಿದೆ. ಕಾರವಾರ ದಾಟಿದರೆ ಸಿಗುವ ಗೋವಾದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1950ರ ದಶಕದ ಕೊನೆಯಲ್ಲಿ ಹುಟ್ಟಿದ ಗಂಡಸರಲ್ಲಿ ಹದಿವಯಸ್ಸಿನಲ್ಲೇ ಕುಡಿತ ಆರಂಭಿಸಿದವರ ಪಾಲು ಐದರಲ್ಲಿ ಒಂದು. 1980ರ ದಶಕದ ಆರಂಭದಲ್ಲಿ ಹುಟ್ಟಿದವರಲ್ಲಿ ಅದು ಹತ್ತಿರ ಹತ್ತಿರ ನಾಲ್ಕರಲ್ಲಿ ಮೂರು.

ಮದ್ಯದ ಗದ್ದಲದಲ್ಲಿ ಕಣ್ತಪ್ಪುವ ಇನ್ನೊಂದು ಸಂಗತಿ ವೈಟ್ನರ್, ಪಂಕ್ಚರ್ ಹಾಕುವ ಸಲ್ಯೂಷನ್‌ನಂಥ ಮೂಸುವ ವಸ್ತುಗಳು. 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುತ್ತಿರುವ ಏಕೈಕ ಅಮಲು ಇದು. ಬಾರ್ ಮೇಲೆ ಕಣ್ಣಿಟ್ಟ ಅಪ್ಪನಿಗೆ ಸ್ಟೇಷನರಿ ಅಂಗಡಿ ಕಾಣುವುದಿಲ್ಲ.

"ನಮ್ಮೆದುರಿಗೇ ಕುಡಿಯಲಿ ಬಿಡಿ"

ಹೊರಗೆ ಕದ್ದು ಕುಡಿಯುವುದಕ್ಕಿಂತ ಮನೆಯಲ್ಲೇ ಒಂದು ಗುಟುಕು ಕೊಟ್ಟು ಮಿತಿ ಕಲಿಸುವುದು ವಾಸಿ ಎನ್ನುವ ಅಪ್ಪಂದಿರು ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಕೇಳಲು ವಿವೇಕದ ಮಾತಿನಂತಿದೆ. ಆಸ್ಟ್ರೇಲಿಯಾದಲ್ಲಿ ಈ ನಂಬಿಕೆ ಬಹಳ ಇರುವುದರಿಂದ ರಿಚರ್ಡ್ ಮ್ಯಾಟಿಕ್ ಮತ್ತು ತಂಡ 1,927 ಮಕ್ಕಳನ್ನು, ಅವರ ಹೆತ್ತವರನ್ನು ಆರು ವರ್ಷ ಹಿಂಬಾಲಿಸಿತು. 2018ರಲ್ಲಿ ಬಂದ ವರದಿಯಲ್ಲಿ ಮನೆಯ ಗುಟುಕಿನಿಂದ ರಕ್ಷಣೆ ಸಿಕ್ಕಿದ ಸುಳಿವೇ ಇರಲಿಲ್ಲ. ಹೆತ್ತವರ ಕೈಯಿಂದ ಮದ್ಯ ಪಡೆದ ಮಕ್ಕಳು ಮರುವರ್ಷ ಹೊರಗಿನವರಿಂದಲೂ ಪಡೆಯುವ ಸಾಧ್ಯತೆ ಎರಡು ಪಟ್ಟು ಇತ್ತು. ಮನೆಯವರು ಕೊಟ್ಟದ್ದು ಮಿತಿಯ ಪಾಠವಾಗಿ ಅಲ್ಲ, ಅನುಮತಿಯಾಗಿ ಕೆಲಸ ಮಾಡಿತ್ತು. ಅಂದಹಾಗೆ, ಭಾರತದಲ್ಲಿ ಹದಿನೆಂಟು ತುಂಬದವರಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಕೊಡುವವರು ಅಪ್ಪನೇ ಆದರೂ ಕಾಯ್ದೆ ಬದಲಾಗುವುದಿಲ್ಲ.

ಸಂಜೆಯನ್ನು ಬದಲಿಸಿದ ದೇಶ

ಹುಡುಗನ ತಲೆಯೊಳಗಿನದ್ದು ಬೇಗ ಬದಲಾಗದಿದ್ದರೆ ಅವನು ಆಯ್ಕೆ ಮಾಡುವ ಸನ್ನಿವೇಶವನ್ನಾದರೂ ಬದಲಿಸಬಹುದೇ? ಐಸ್‌ಲ್ಯಾಂಡ್ ಇಪ್ಪತ್ತು ವರ್ಷ ಇದನ್ನೇ ಮಾಡಿತು.

1998ರಲ್ಲಿ ಅಲ್ಲಿನ ಹದಿನೈದು, ಹದಿನಾರರ ಮಕ್ಕಳಲ್ಲಿ 42 ಶೇಕಡಾ ಮಂದಿ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. ಶುಕ್ರವಾರ ರಾತ್ರಿ ರೇಕ್ಯಾವಿಕ್‌ನ ನಡುಬೀದಿಯಲ್ಲಿ ಕುಡಿದ ಹುಡುಗರ ಹಿಂಡು ಸಾಮಾನ್ಯ ನೋಟವಾಗಿತ್ತು. ಸಂಶೋಧಕರು ಶಾಲೆ ಶಾಲೆಗೂ ಪ್ರಶ್ನಾವಳಿ ಕಳಿಸಿ, ಯಾವ ಮಕ್ಕಳು ಕುಡಿಯುತ್ತಿಲ್ಲ ಎಂದು ನೋಡಿದರು. ವಾರಕ್ಕೆ ಮೂರು ನಾಲ್ಕು ದಿನ ಆಟವೋ ಸಂಗೀತವೋ ಏನಾದರೊಂದು ಕ್ರಮಬದ್ಧ ಚಟುವಟಿಕೆ ಇರುವವರು, ಹೆತ್ತವರ ಜೊತೆ ಹೆಚ್ಚು ಹೊತ್ತು ಕಳೆಯುವವರು, ರಾತ್ರಿ ತಡವಾಗಿ ಹೊರಗೆ ತಿರುಗದವರು. ಅಷ್ಟೇ ಉತ್ತರ.

ಅದರಂತೆ ಕ್ರಮ ಬಂತು. ಮಕ್ಕಳ ಆಟ, ಸಂಗೀತ, ನೃತ್ಯದ ಕ್ಲಬ್ಬುಗಳಿಗೆ ಸರ್ಕಾರಿ ಹಣ. ಬಡ ಮನೆಯ ಮಕ್ಕಳೂ ಸೇರಬಹುದಾದಂತೆ ರೇಕ್ಯಾವಿಕ್ ನಗರದಿಂದ ವಾರ್ಷಿಕ ವಿರಾಮ ಕಾರ್ಡ್. 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ, ಬೇಸಿಗೆಯಲ್ಲಿ ಹನ್ನೆರಡರ ನಂತರ ಹಿರಿಯರಿಲ್ಲದೆ ಹೊರಗಿರುವಂತಿಲ್ಲ ಎಂಬ ಕಾನೂನು. ಹೆತ್ತವರು ಗುಂಪು ಕಟ್ಟಿಕೊಂಡು ವಾರಾಂತ್ಯದ ರಾತ್ರಿ ಬೀದಿ ಸುತ್ತುತ್ತಿದ್ದರು. ಒಂದು ಬಡಾವಣೆಯ ಎಲ್ಲ ಮನೆಗಳಲ್ಲೂ ಒಂದೇ ನಿಯಮ ಇರಲೆಂದು ಶಾಲೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. "ಅವರ ಮನೇಲಿ ಬಿಡ್ತಾರೆ, ನೀವು ಮಾತ್ರ ಬಿಡಲ್ಲ" ಎಂಬ ವಾದ ಅಲ್ಲಿಗೆ ಮುಗಿಯಿತು. ಈ ಒಪ್ಪಂದವೇ ಇಡೀ ಯೋಜನೆಯ ಜಾಣತನ ಎನ್ನಬೇಕು. ಅದಕ್ಕೆ ಕಾಸೂ ಬೇಕಿಲ್ಲ.

2016ಕ್ಕೆ 42 ಎಂಬುದು 5ಕ್ಕೆ ಇಳಿದಿತ್ತು. ಗಾಂಜಾ ಸೇದಿ ನೋಡಿದವರು 17 ಶೇಕಡಾದಿಂದ 7ಕ್ಕೆ, ದಿನವೂ ಸಿಗರೇಟು ಸೇದುವವರು 23ರಿಂದ 3ಕ್ಕೆ. ನಿಜ, ಐಸ್‌ಲ್ಯಾಂಡಿನ ಜನಸಂಖ್ಯೆ ಮೈಸೂರು ನಗರದ ಅರ್ಧದಷ್ಟೂ ಇಲ್ಲ, ಅಲ್ಲಿ ಆದದ್ದು ಎಲ್ಲೆಡೆ ಆದೀತು ಎನ್ನಲಾಗದು. ಅದೇ ಅವಧಿಯಲ್ಲಿ ಯುರೋಪಿನ ಬೇರೆ ದೇಶಗಳಲ್ಲೂ ಹುಡುಗರ ಕುಡಿತ ಇಳಿದಿದೆ. ಆದ್ದರಿಂದ ಪೂರ್ತಿ ಶ್ರೇಯ ಯೋಜನೆಗೇ ಸಲ್ಲದು. ಆದರೆ ಇಷ್ಟು ಕಡಿದಾದ ಇಳಿಕೆ ಬೇರೆಡೆ ಅಪರೂಪ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಸಂಜೆ ಆರಕ್ಕೆ ಟ್ಯೂಷನ್ ಇರುವ ನಮ್ಮ ಪಿಯುಸಿ ಮಕ್ಕಳಿಗೆ ರೋಮಾಂಚನ ಸಿಗುವ ಒಂದೇ ಜಾಗ ಬೈಕಿನ ಸೀಟೋ ಟೆರೇಸೋ ಆಗಿದ್ದರೆ ಅಚ್ಚರಿಯೇನು? ಹಂಬಲದ ಕೇಂದ್ರಕ್ಕೆ ಕಬಡ್ಡಿಯ ಗೆಲುವೂ ಆದೀತು, ವೇದಿಕೆಯ ಚಪ್ಪಾಳೆಯೂ ಆದೀತು.

ಪಕ್ಕದಲ್ಲಿ ಅಮ್ಮ ಕೂತರೆ

ಗೆಳೆಯರನ್ನು ಕೂರಿಸಿದ ಜಾಗದಲ್ಲಿ ಅಮ್ಮನನ್ನು ಕೂರಿಸಿದರೆ ಏನಾದೀತು ಎಂದು ಸಂಶೋಧಕಿ ಈವಾ ಟೆಲ್ಜರ್ ಯೋಚಿಸಿದರು. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅದೇ ಬಗೆಯ ಕಾರಿನ ಆಟವನ್ನು ಅಮ್ಮ ನೋಡುತ್ತಿರುವಾಗ ಆಡಿದ ಮಕ್ಕಳು ಕಡಿಮೆ ಅಪಾಯ ತೆಗೆದುಕೊಂಡರು. ನುಗ್ಗಿದಾಗ ಹಂಬಲದ ಕೇಂದ್ರ ಮೊದಲಿನಷ್ಟು ಮಿಡಿಯಲಿಲ್ಲ. ನಿಂತಾಗ ಹಣೆಮೆದುಳಿನ ಒಂದು ಭಾಗವೂ ಹಂಬಲದ ಕೇಂದ್ರವೂ ಜೊತೆಗೂಡಿ ಕೆಲಸ ಮಾಡಿದವು.

ಹಾಗೆಂದು ಅಮ್ಮ ಬರ್ತ್‌ಡೇ ಪಾರ್ಟಿಗೆ ಹೋಗಿ ಕೂರಲಾಗುವುದಿಲ್ಲ. ಮೊಬೈಲಿನಲ್ಲಿ ಲೊಕೇಶನ್ ನೋಡುವುದು, ಬ್ಯಾಗ್ ತಡಕುವುದು, ಗೆಳೆಯರಿಗೆ ಫೋನ್ ಮಾಡಿ ವಿಚಾರಿಸುವುದು ಸಾಲದೇ? ಸ್ವೀಡನ್ನಿನ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಈ ನಂಬಿಕೆಯ ಬುಡ ಅಲ್ಲಾಡಿಸಿದರು. ಮಕ್ಕಳು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬುದು ಗೊತ್ತಿರುವ ಹೆತ್ತವರ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂಬುದು ಅದಾಗಲೇ ತಿಳಿದಿತ್ತು. ಆದರೆ ಹೆತ್ತವರಿಗೆ ಅದು ಗೊತ್ತಾಗುವುದು ಹೇಗೆ? ಹದಿನಾಲ್ಕರ ಏಳುನೂರು ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿದಾಗ ತಿಳಿದದ್ದು, ಪತ್ತೇದಾರಿಕೆಯ ಪಾಲು ಕಡಿಮೆ. ಹೆಚ್ಚಿನ ಸುದ್ದಿ ಮಕ್ಕಳೇ ತಾವಾಗಿ ಬಾಯಿಬಿಟ್ಟು ಹೇಳಿದ್ದು.

ಹೇಳುವ ಮಗುವಿನ ಬಾಯಿ ಮುಚ್ಚುವುದು ಸುಲಭ. "ಇವತ್ತು ನಮ್ ಕ್ಲಾಸಿನವನೊಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದ ಗೊತ್ತಾ ಅಪ್ಪ?" ಎಂದ ಮಗಳಿಗೆ "ಅವನ ಜೊತೆ ಇನ್ಮೇಲೆ ಮಾತಾಡ್ಬೇಡ" ಎಂಬ ಉತ್ತರ ಬಂದರೆ, ಅಂಥ ಸುದ್ದಿ ಆ ಮನೆಗೆ ಮತ್ತೆ ಬರುವುದಿಲ್ಲ. "ಹೌದಾ? ಆಮೇಲೇನಾಯ್ತು? ನಿಂಗೇನನ್ನಿಸ್ತು?" ಎಂದರೆ ಇನ್ನೂ ಹತ್ತು ನಿಮಿಷ ಮಾತು ನಡೆಯುತ್ತದೆ. ಇದರರ್ಥ ನಿಯಮ ಬೇಡವೆಂದಲ್ಲ. ನಮ್ಮ ಮನೆಯಲ್ಲಿ ಇದು ಆಗದು ಎಂಬುದು ಹೆತ್ತವರ ಬಾಯಿಂದ ಒಮ್ಮೆಯಾದರೂ ಸ್ಪಷ್ಟವಾಗಿ ಬಂದಿರಬೇಕು. ಎಷ್ಟೋ ಮನೆಗಳಲ್ಲಿ ಬಂದೇ ಇರುವುದಿಲ್ಲ, ಗೊತ್ತಿರುತ್ತೆ ಬಿಡು ಎಂಬ ಧೈರ್ಯ.

ಬೇಡ ಎನ್ನುವ ಗಳಿಗೆ ಕೆಲವೇ ಸೆಕೆಂಡಿನದ್ದು, ನಾಲ್ಕು ಜೋಡಿ ಕಣ್ಣಿನ ಎದುರು. ಅಲ್ಲಿ ಹೊಸದಾಗಿ ಯೋಚಿಸಲು ಆಗುವುದಿಲ್ಲ. ಆದ್ದರಿಂದ ನೆಪವನ್ನು ಮೊದಲೇ ಸಿದ್ಧಮಾಡಿಕೊಂಡಿದ್ದರೆ ಅನುಕೂಲ: "ನಾಳೆ ಬೆಳಿಗ್ಗೆ ಪ್ರಾಕ್ಟೀಸ್ ಇದೆ", "ಗಾಡಿ ಓಡಿಸ್ಬೇಕು", "ನಮ್ಮಪ್ಪ ಬಾಗಿಲಲ್ಲೇ ನಿಂತು ವಾಸನೆ ನೋಡ್ತಾರೆ ಮಾರಾಯ." ಕೊನೆಯದಕ್ಕೆ ಅಪ್ಪ ರಾಕ್ಷಸನ ಪಾತ್ರ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳಬೇಕಾದ ಪಾತ್ರವೇ. ಅಮೆರಿಕದ ಕೆಲವು ಮನೆಗಳಲ್ಲಿ ಇನ್ನೊಂದು ಏರ್ಪಾಡಿದೆ. ಸಿಕ್ಕಿಹಾಕಿಕೊಂಡ ಮಗು ಮನೆಗೆ ಒಂದೇ ಅಕ್ಷರದ ಮೆಸೇಜ್ ಕಳಿಸುತ್ತದೆ. ಕೂಡಲೇ ಮನೆಯಿಂದ ಫೋನ್ ಬರುತ್ತದೆ, ಏನೋ ತುರ್ತು, ಕರೆದುಕೊಂಡು ಹೋಗಲು ಬರುತ್ತಿದ್ದೇವೆ ಎಂದು. ಹುಡುಗ ಗೊಣಗುತ್ತಾ ಏಳುತ್ತಾನೆ, ಗೆಳೆಯರ ಎದುರು ಮುಖ ಉಳಿಯುತ್ತದೆ. ದಾರಿಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಆ ರಾತ್ರಿ, ಮರುದಿನ

ಇಷ್ಟಾದರೂ ಒಂದು ರಾತ್ರಿ ಮಗ ತೂರಾಡುತ್ತಾ ಬಂದರೆ ಆಗ ಪ್ರವಚನದ ಹೊತ್ತಲ್ಲ. ಒಂದು ಮಗ್ಗುಲಿಗೆ ಮಲಗಿಸಬೇಕು, ಒಬ್ಬನೇ ಬಿಡಬಾರದು. ಅಂಗಾತ ಮಲಗಿ ವಾಂತಿ ಮಾಡಿಕೊಂಡರೆ ಉಸಿರು ಕಟ್ಟಬಹುದು. ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಉಸಿರಾಟ ನಿಧಾನವಾಗಿದ್ದರೆ, ಮೈ ತಣ್ಣಗಾಗಿದ್ದರೆ ನಾಚಿಕೆ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು.

ಮಾತು ಮರುದಿನ, ಇಬ್ಬರ ತಲೆಯೂ ತಣ್ಣಗಾದ ಮೇಲೆ. ಯಾಕೆ ಮಾಡಿದೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಯಾರ ಮನೆ, ಎಷ್ಟು ಹೊತ್ತಿಗೆ, ಮೊದಲು ಲೋಟ ಕೊಟ್ಟವರು ಯಾರು, ಆಗ ಎದ್ದು ಬರಲು ಅಡ್ಡಿಯಾದದ್ದು ಏನು ಎಂಬವಕ್ಕೆ ಇದೆ. ಉತ್ತರಗಳನ್ನು ಜೋಡಿಸಿದರೆ ಮುಂದಿನ ಶನಿವಾರಕ್ಕೆ ಏನು ಬದಲಿಸಬೇಕು ಎಂಬುದು ಗೊತ್ತಾಗುತ್ತದೆ. ಶಿಕ್ಷೆ ಇರಲಿ, ಆದರೆ ಚಿಕ್ಕದಿರಲಿ, ಮೊದಲೇ ಹೇಳಿದ್ದಿರಲಿ.

ಒಂದು ರಾತ್ರಿಯ ಬಿಯರ್ ವ್ಯಸನವಲ್ಲ. ವಾರವಾರವೂ ಆಗುತ್ತಿದ್ದರೆ, ಒಂಟಿಯಾಗಿ ಕುಡಿಯುತ್ತಿದ್ದರೆ, ಮನೆಯ ದುಡ್ಡು ಮಾಯವಾಗುತ್ತಿದ್ದರೆ, ಆಟ, ಹಳೆಯ ಗೆಳೆಯರು, ಓದು ಮೂರೂ ಒಟ್ಟಿಗೆ ಬಿಟ್ಟುಹೋಗಿದ್ದರೆ ವೈದ್ಯರ ಸಲಹೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಹುಡುಗ ಫೋನ್ ಹಿಡಿಯಲು ಒಪ್ಪದಿದ್ದರೆ ಮೊದಲ ಕರೆಯನ್ನು ಅಪ್ಪನೋ ಅಮ್ಮನೋ ಮಾಡಬಹುದು.